ಕಾಫಿ ಬೀಜಕ್ಕೊಂದು ಪೀಜಿ

ಬೇಗೂರಿನಲ್ಲಿ ಮನುಷ್ಯರಿಗೆ ಪೀಜಿಗಳ ಬರವಿಲ್ಲ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಸಿಕ್ಕ ಹುಡುಗ ಬಸ್ಸಿಳಿದ ಗಂಟೆಯೊಳಗೆ ಮಂಚ, ವೈಫೈ, ದಿನಕ್ಕೊಮ್ಮೆ ತಪ್ಪದ ಚಿತ್ರಾನ್ನ ಎಲ್ಲವನ್ನೂ ಗಿಟ್ಟಿಸಿಕೊಳ್ಳಬಹುದು. ಇಳಿದುಕೊಳ್ಳಲು ಜಾಗ ಸಿಗದೆ ಒದ್ದಾಡುವುದು ಚಿಕ್ಕಮಗಳೂರಿನಿಂದಲೋ ಕೊಡಗಿನಿಂದಲೋ ಲಾರಿ ಹತ್ತಿ ಬರುವ ಹುರಿಯದ ಕಾಫಿ ಬೀಜ. ಊರಂಚಿನ ಶೆಡ್ಡುಗಳಲ್ಲಿ ಸಣ್ಣ ಪ್ರಮಾಣದಲ್ಲಿ ಕಾಫಿ ಹುರಿಯುವವರು ತಮ್ಮ ರೋಸ್ಟರ್ ಯಂತ್ರದ ಬಗ್ಗೆ ಅರ್ಧ ದಿನ ಮಾತಾಡಬಲ್ಲರು. ಮೂಟೆ ಎಲ್ಲಿಡುತ್ತೀರಿ ಎಂದರೆ ಮೆಟ್ಟಿಲ ಕೆಳಗೆ ಕೈ ತೋರಿಸುತ್ತಾರೆ. ಇಂಥವರಿಗೆ ಎರಡನೇ ಯಂತ್ರಕ್ಕಿಂತ ಮೊದಲು ಬೇಕಾದದ್ದು ಒಳ್ಳೆಯ ಗೋದಾಮಿನಲ್ಲಿ ಒಂದು ಮೂಲೆ; ನಾಲ್ಕಾರು ಜನ ಸೇರಿ ಬಾಡಿಗೆಗೆ ಹಿಡಿದರೆ ಇನ್ನೂ ಒಳ್ಳೆಯದು ಎಂಬುದು ನನ್ನ ವಾದ.

ತಕರಾರಿನ ಮೂಲ ಇರುವುದು ಪಂಚಾಂಗದಲ್ಲಿ. ಅರೇಬಿಕಾ ಕೊಯ್ಲು ಹೆಚ್ಚುಕಡಿಮೆ ನವೆಂಬರಿನಿಂದ ಜನವರಿ, ರೊಬಸ್ಟಾ ಜನವರಿಯಿಂದ ಮಾರ್ಚ್. ಕುಡಿಯುವವರಿಗೆ ಇಂಥ ಋತುಮಾನವಿಲ್ಲ, ಆಷಾಢದಲ್ಲೂ ಬೆಳಿಗ್ಗೆ ಆರಕ್ಕೇ ಬೇಕು. ಹಿಂದೆ ಈ ತಲೆಬಿಸಿ ಕಾಫಿ ಮಂಡಳಿಯದಾಗಿತ್ತು. 1940ರ ದಶಕದಿಂದ ಬೆಳೆಗಾರರು ಬೆಳೆದದ್ದನ್ನೆಲ್ಲ ಮಂಡಳಿಯ ಪೂಲ್‌ಗೆ ಒಪ್ಪಿಸಿ, ಕಂತುಕಂತಾಗಿ ಬರುವ ಹಣಕ್ಕೆ ಬಾಗಿಲು ಕಾಯುತ್ತಿದ್ದರು; ಮಂಡಳಿ ಕೂಡಿಟ್ಟು ಹರಾಜು ಹಾಕುತ್ತಿತ್ತು. 1992ರಿಂದ ಹಿಡಿತ ಸಡಿಲವಾಗುತ್ತ ಬಂದು 1996ರಲ್ಲಿ ಮಾರಾಟ ಪೂರ್ತಿ ಮುಕ್ತವಾಯಿತು. ಈಗ ಹುರಿಯುವವನು ತನಗಿಷ್ಟವಾದ ತೋಟದಿಂದ ನೇರವಾಗಿ ಕೊಳ್ಳಬಹುದು. ಕೊಂಡದ್ದನ್ನು ಮುಂದಿನ ಸುಗ್ಗಿಯವರೆಗೆ ಕಾಯುವ ಭಾಗ್ಯವೂ ಅವನದೇ.

ಕಾಯುವುದೆಂದರೆ ಬೀಗ ಹಾಕುವುದಲ್ಲ. ಬೀಜದೊಳಗೆ ಶೇ. 10ರಿಂದ 12ರಷ್ಟು ತೇವ ನಿಲ್ಲಬೇಕು. ಏರಿದರೆ ಬೂಷ್ಟು, ಅದರ ಬೆನ್ನಿಗೆ ಓಕ್ರಾಟಾಕ್ಸಿನ್ ಎಂಬ ವಿಷ. ಇಳಿದರೆ ಬೀಜ ಬಿಳಿಚಿಕೊಂಡು ಕಾಫಿಗೆ ಸೌದೆಯ ರುಚಿ. ಬೆಂಗಳೂರಿನ ಹವೆಯನ್ನು ಹೊಗಳದವರಿಲ್ಲ, ಆದರೆ ಮಾರ್ಚಿನಲ್ಲಿ ಅದು ಹೀರುತ್ತದೆ, ಮಳೆಗಾಲದಲ್ಲಿ ಕುಡಿಸುತ್ತದೆ. 60 ಕೆಜಿಯ ಮೂಟೆಯ ತೇವ ಶೇ. 11.5ರಿಂದ 10ಕ್ಕೆ ಇಳಿದರೆ ತಕ್ಕಡಿಯಲ್ಲಿ ಒಂದು ಕೆಜಿ ಮಾಯ. ಪಾಪ, ಅನುಮಾನ ಬೀಳುವುದು ವಾಚ್‌ಮನ್ ಮೇಲೆ. ಇನ್ನು ವಾಸನೆ. ಮಸಾಲೆ, ಡೀಸೆಲ್, ಫಿನಾಯಿಲ್, ಯಾವುದು ಪಕ್ಕದಲ್ಲಿದ್ದರೂ ಬೀಜ ಅದನ್ನು ತನ್ನದಾಗಿಸಿಕೊಳ್ಳುತ್ತದೆ. ಸೆಣಬಿನ ನಾರನ್ನು ಮೆದುಗೊಳಿಸಲು ಬಳಸುವ ಖನಿಜ ತೈಲವೂ ಕಾಫಿಗೆ ಅಂಟುತ್ತದೆಂದು, ಸಸ್ಯಜನ್ಯ ಎಣ್ಣೆಯಲ್ಲಿ ತಯಾರಾದ ಬೇರೆಯೇ ಗೋಣಿಚೀಲ ಬಂದಿದೆ. ಹೊದಿಕೆಯ ಬಗ್ಗೆ ಇಷ್ಟು ತಕರಾರು ತೆಗೆಯುವ ಅತಿಥಿಯನ್ನು ಮೆಟ್ಟಿಲ ಕೆಳಗೆ ಪೊರಕೆಯ ಪಕ್ಕ ಮಲಗಿಸುವುದು ಧೈರ್ಯದ ಕೆಲಸ. ಸುಮಾರು ಕ್ರಿ.ಶ. 890ರಲ್ಲಿ ಬೆಂಗಳೂರಿನ ಹೆಸರು ಕೆತ್ತಿಸಿಕೊಂಡ ಶಾಸನದ ಕಲ್ಲು ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಇಂದಿಗೂ ನಿಂತಿದೆ, ನಿಜ. ಅದು ಕಲ್ಲು.

ಇಲ್ಲಿ ಒಬ್ಬರು ಎದ್ದು, ಮಾನ್ಸೂನ್ಡ್ ಮಲಬಾರ್ ಕಾಫಿಗೆ ತೇವವೇ ತಾನೆ ಕೀರ್ತಿ ತಂದದ್ದು ಎಂದು ಕೇಳಿಯೇ ಕೇಳುತ್ತಾರೆ. ಹೌದು. ಹಾಯಿ ಹಡಗುಗಳ ಕಾಲದಲ್ಲಿ ಆಫ್ರಿಕಾ ಸುತ್ತಿಕೊಂಡು ಯುರೋಪಿಗೆ ಹೋಗುತ್ತಿದ್ದ ನಮ್ಮ ಕಾಫಿ ತಿಂಗಳುಗಟ್ಟಲೆ ಕಡಲ ಗಾಳಿ ಕುಡಿದು ಉಬ್ಬಿ, ಹಳದಿಗಟ್ಟಿ, ಹುಳಿ ಕಳೆದುಕೊಳ್ಳುತ್ತಿತ್ತು. ಸೂಯೆಜ್ ಕಾಲುವೆ 1869ರಲ್ಲಿ ತೆರೆದು, ಉಗಿ ಹಡಗುಗಳು ಬಂದು ಪ್ರಯಾಣ ಚಿಕ್ಕದಾದಾಗ ಗಿರಾಕಿಗಳು ಹಳೆಯ ರುಚಿಗೇ ಹಟ ಹಿಡಿದರು. ಅದನ್ನೇ ಮಂಗಳೂರು ಕಡೆಯ ಗೋದಾಮುಗಳು ಕಲೆಯಾಗಿ ಬೆಳೆಸಿದವು: ಬೀಜವನ್ನು ನೆಲದಲ್ಲಿ ಹರಡಿ, ಆಗಾಗ ಕೈಯಾಡಿಸಿ, ಸಡಿಲವಾಗಿ ತುಂಬಿದ ಚೀಲಗಳ ನಡುವೆ ಗಾಳಿಗೆ ದಾರಿ ಬಿಟ್ಟು, ಮತ್ತೆ ಸುರಿದು, ಮತ್ತೆ ತುಂಬಿ, ಮುಂಗಾರು ಮುಗಿಯುವವರೆಗೂ ಆಳುಗಳು ಬೆನ್ನು ಬಿಡುವುದಿಲ್ಲ. ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಬೇಗೂರಿನ ಸೋರುವ ಶೀಟಿನ ಕೆಳಗೆ ತಾನಾಗಿ ನೆನೆದ ಮೂಟೆಗೆ ಅಂಥ ಮಾನ್ಯತೆ ಕೊಡುವ ಕಚೇರಿ ಇನ್ನೂ ತೆರೆದಿಲ್ಲ.

ಅಜ್ಜಿ ಅಟ್ಟದ ಮೇಲಿಟ್ಟ ಕಾಫಿ ವರ್ಷಗಟ್ಟಲೆ ಕೆಡಲಿಲ್ಲವಲ್ಲ ಎನ್ನುವವರಿಗೂ ಉತ್ತರವಿದೆ. ಅಟ್ಟದಲ್ಲಿದ್ದದ್ದು ಬಹುಮಟ್ಟಿಗೆ ಸಿಪ್ಪೆ ಸಹಿತ ಒಣಗಿದ ಚೆರ್ರಿ. ಬೀಜಕ್ಕೆ ಅದಕ್ಕಿಂತ ಒಳ್ಳೆಯ ಕವಚವಿಲ್ಲ. ಮೇಲಾಗಿ ಲೋಟಕ್ಕೆ ಬರುವ ಹೊತ್ತಿಗೆ ಚಿಕೋರಿ ಎಲ್ಲ ಪಾಪಗಳನ್ನೂ ಮುಚ್ಚುತ್ತಿತ್ತು. ಹಾಗಾದರೆ ಪಾರ್ಚ್‌ಮೆಂಟ್ ರೂಪದಲ್ಲೇ, ಅಂದರೆ ಒಳಸಿಪ್ಪೆ ಸುಲಿಯದೆ, ಕುಶಾಲನಗರದ್ದೋ ಹಾಸನದ್ದೋ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಇರಲಿ, ಬೇಕಾದಾಗ ಸುಲಿಸಿ ತರೋಣ ಎಂಬ ಮಾತು ಮಾತ್ರ ಗಟ್ಟಿಯಾದದ್ದು. ತಾತ್ವಿಕವಾಗಿ ನಾನು ಸೋಲೊಪ್ಪುತ್ತೇನೆ. ಆದರೆ ಅಲ್ಲಿಯ ಯಂತ್ರಗಳ ಲೆಕ್ಕ ಟನ್ನುಗಳದು. ನಮ್ಮವನು ತಿಂಗಳಿಗೆರಡು ಮೂಟೆ ಸುಲಿದು ಕೊಡಿ ಎಂದರೆ ಕೂರಿಸಿ ಕಾಫಿ ಕೊಟ್ಟು ಕಳಿಸಿಯಾರು.

ಉಳಿದದ್ದು ಬಾಡಿಗೆಯ ಗೋಳು. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿತು. ಆ ದರದಲ್ಲಿ ಒಂದು ಮೂಟೆ 40,000 ರೂಪಾಯಿಗೂ ಮೇಲೆ. ಅಷ್ಟು ಬೆಲೆಯ ಫೋನಿಗೆ ಗಾಜು, ಕವರು, ವಿಮೆ ಎಲ್ಲ ಮಾಡಿಸುವವರು ಮೂಟೆಗೆ ಒಂದು ಮರದ ಪ್ಯಾಲೆಟ್, ಗೋಡೆಯಿಂದ ಎರಡಡಿ ದೂರ, ಒಳಗೊಂದು ಗಾಳಿಯಾಡದ ಲೈನರ್ ಚೀಲ ಕೊಡಿಸಲು ಮೀನಮೇಷ ಎಣಿಸುತ್ತಾರೆ. ಗೋದಾಮು ನೋಡಲು ಹೋದಾಗ ಬಾಡಿಗೆಗಿಂತ ಮೊದಲು ವಿಚಾರಿಸಬೇಕಾದದ್ದು ಪಕ್ಕದ ಕೋಣೆಯಲ್ಲಿ ಏನಿದೆಯೆಂದು. ಪುಸ್ತಕ, ಬಟ್ಟೆ ಇದ್ದರೆ ಅಡ್ವಾನ್ಸ್ ಕೊಡಬಹುದು. ಸಾಂಬಾರ್ ಪುಡಿಯಿದ್ದರೆ ಯೋಚಿಸಬೇಕು. ಊದುಬತ್ತಿಯಿದ್ದರೆ ಅಲ್ಲಿಂದಲೇ ಕೈಮುಗಿದು, ಲಾರಿ ಹಿಂದಕ್ಕೆ ತೆಗೆಸುವುದು ಲೇಸು.