ರೆಫರಲ್ ರಾಯರು

ಟೊರಾಂಟೊ ಸುತ್ತಮುತ್ತ ಕನ್ನಡದವರ ಮನೆಯಲ್ಲಿ ಸತ್ಯನಾರಾಯಣ ಪೂಜೆ ಅಂತ ಹೋದರೆ, ಊಟದ ಸಾಲಿನಲ್ಲಿ ನಿಮ್ಮ ಹಿಂದೆ ಒಬ್ಬರು ನಿಂತಿರುತ್ತಾರೆ. ಇಪ್ಪತ್ತೇಳೋ ಇಪ್ಪತ್ತೆಂಟೋ ವಯಸ್ಸು, ಗರಿಗರಿ ಇಸ್ತ್ರಿಯ ಷರ್ಟು. ಮೊದಲು ನಿಮ್ಮ ಊರು ಕೇಳುತ್ತಾರೆ, ಆಮೇಲೆ ಕಂಪನಿ. ಪಲ್ಯದ ಹತ್ತಿರ ಬರುವಷ್ಟರಲ್ಲಿ ನಿಮ್ಮ ಮ್ಯಾನೇಜರು ಒಳ್ಳೆಯವರಾ ಎಂಬ ವಿಚಾರಣೆ ಮುಗಿದಿರುತ್ತದೆ. ಪುಳಿಯೋಗರೆಯ ಹೊತ್ತಿಗೆ “ಸಾರ್, ನಿಮ್ಮ ಕಂಪನಿಗೆ ಒಂದು ರೆಫರಲ್...” ಎಂಬ ರಾಗ. ನೀವು ಪಾಯಸ ಮುಟ್ಟುವ ಮೊದಲೇ ಅವರ ರೆಸ್ಯೂಮೆ ನಿಮ್ಮ ವಾಟ್ಸಾಪಿಗೆ ಬಂದು ಬಿದ್ದಿರುತ್ತದೆ. ನಂಬರು ಯಾರು ಕೊಟ್ಟರು ಅಂತ ತಲೆ ಕೆಡಿಸಿಕೊಳ್ಳಬೇಡಿ. ಪೂಜೆ ಮಾಡಿಸಿದವರೇ ಕೊಟ್ಟಿರುತ್ತಾರೆ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ, ನಮ್ಮ ಬಳಗದಲ್ಲಿ ಮಾತ್ರ ಅವರು ರೆಫರಲ್ ರಾಯರು.

ರಾಯರು ಹಾಸನದ ಕಡೆಯವರು, ಬಿಎಸ್‌ಸಿ. ಬೆಂಗಳೂರಿನ ಒಂದು ಕನ್ಸಲ್ಟೆನ್ಸಿಯವರು ಎಸಿ ರೂಮಿನಲ್ಲಿ ಕೂರಿಸಿ ಲೆಕ್ಕ ಹೇಳಿಕೊಟ್ಟರಂತೆ: ಕೆನಡಾದ ಕಾಲೇಜಿನಲ್ಲಿ 2 ವರ್ಷದ ಕಂಪ್ಯೂಟರ್ ಡಿಪ್ಲೊಮಾ, ಮುಗಿದ ಮೇಲೆ 3 ವರ್ಷದ ವರ್ಕ್ ಪರ್ಮಿಟ್ಟು, ಅಷ್ಟರಲ್ಲಿ ಪಿಆರ್, ಅಂದರೆ ಕಾಯಂ ವಾಸದ ಹಕ್ಕು. ಲೆಕ್ಕದಲ್ಲಿ ಸುಳ್ಳೇನೂ ಇರಲಿಲ್ಲ. ರಾಯರಿಗೆ ಡಿಪ್ಲೊಮಾ ಬಂತು, ಪರ್ಮಿಟ್ಟೂ ಬಂತು. ನಡುವೆ ಕೆಲಸ ಅಂತ ಒಂದು ಸಿಗಬೇಕು ಎಂಬುದನ್ನು ಮಾತ್ರ ಕನ್ಸಲ್ಟೆನ್ಸಿಯವರು ಹೇಳಲಿಲ್ಲ. ಅಪ್ಪ ಆಗಲೇ ತೋಟದ ಮೇಲೆ ಸಾಲ ಎತ್ತಿದ್ದರಿಂದ ಇವರೂ ಕೇಳಲಿಲ್ಲ.

ಅವರ ಮೊದಲ ರೆಸ್ಯೂಮೆಯಲ್ಲಿ ಫೋಟೊ, ಹುಟ್ಟಿದ ದಿನ, ತಂದೆಯ ಹೆಸರು ಎಲ್ಲ ಇದ್ದವು. ಕೊನೆಯಲ್ಲಿ ಮೇಲ್ಕಂಡ ವಿವರಗಳೆಲ್ಲ ಸತ್ಯ ಎಂಬ ಪ್ರಮಾಣವೂ ಇತ್ತು. ಇಲ್ಲಿ ಅವನ್ನೆಲ್ಲ ಹಾಕಬಾರದು ಅಂತ ಯಾರೋ ಅಂದರು, ಎಲ್ಲವೂ ಹೋಯಿತು. ಡಿಗ್ರಿ ಕಂಡರೆ ಹೆಲ್ಪ್‌ಡೆಸ್ಕಿನವರು ಹೆದರುತ್ತಾರೆ ಅಂದರು ಒಬ್ಬರು, ಬಿಎಸ್‌ಸಿ ಹೋಯಿತು. ಡಿಗ್ರಿ ಕಾಣದಿದ್ದರೆ ಡೆವಲಪರ್ ಕೆಲಸಕ್ಕೆ ಕಂಪ್ಯೂಟರೇ ತಳ್ಳಿಬಿಡುತ್ತದೆ ಅಂದರು ಇನ್ನೊಬ್ಬರು, ಬಿಎಸ್‌ಸಿ ವಾಪಸ್ ಬಂತು. ಈಗ ಎರಡೂ ಬಗೆಯವು ಫೋನಿನಲ್ಲಿವೆ, ಎದುರಿಗಿದ್ದವರ ಮುಖ ನೋಡಿ ಕಳಿಸುತ್ತಾರೆ.

ಮುಖ ನೋಡುವುದಕ್ಕೂ ಒಂದು ಶಾಸ್ತ್ರವಿದೆ. ಕೆನಡಾ ಸರ್ಕಾರ ಪ್ರತಿ ಉದ್ಯೋಗಕ್ಕೂ ಒಂದು ನಂಬರು ಕೊಟ್ಟಿದೆ. ಸಾಫ್ಟ್‌ವೇರ್ ಡೆವಲಪರು 21232, ಸಾಮಾನ್ಯವಾಗಿ ಯೂನಿವರ್ಸಿಟಿ ಡಿಗ್ರಿ ಕೇಳುವ ಮೆಟ್ಟಿಲು. ಹೆಲ್ಪ್‌ಡೆಸ್ಕಿನವರು 22221, ಕಾಲೇಜು ಡಿಪ್ಲೊಮಾದ ಮೆಟ್ಟಿಲು. ರಾಯರು ಹೊಸಬರನ್ನು ಕಂಡರೆ ಗೋತ್ರ ಕೇಳಿದ ಹಾಗೆ ಇದನ್ನು ಕೇಳುತ್ತಾರೆ. “ಸಾರ್, ನೀವು 21232 ಅಲ್ವಾ? ಮುಖದಲ್ಲೇ ಕಳೆ ಇದೆ.”

ಸದ್ಯ ರಾಯರು ಇರುವುದು ಎರಡೂ ಮೆಟ್ಟಿಲಿನ ಕೆಳಗೆ. ಮಿಸಿಸಾಗದ ಒಂದು ಅಪಾರ್ಟ್‌ಮೆಂಟಿನಲ್ಲಿ ರಾತ್ರಿ ಪಾಳಿಯ ಸೆಕ್ಯುರಿಟಿ ಗಾರ್ಡು. ಒಂಟಾರಿಯೊದಲ್ಲಿ ಅದಕ್ಕೆ 40 ಗಂಟೆಯ ತರಬೇತಿ, ಒಂದು ಪರೀಕ್ಷೆ, ಒಂದು ಲೈಸೆನ್ಸು. ಎರಡು ವರ್ಷದ ಡಿಪ್ಲೊಮಾದಿಂದ ಆಗದ್ದು 40 ಗಂಟೆಯಲ್ಲಿ ಆಯಿತು. ಊರಿಗೆ ಫೋನ್ ಮಾಡಿ “ಸೆಕ್ಯುರಿಟಿ ಫೀಲ್ಡಲ್ಲಿದೀನಮ್ಮಾ” ಅಂದರು. ಪಕ್ಕದ ಮನೆಯವರ ಮಗ ಬೆಂಗಳೂರಿನಲ್ಲಿ ಸೈಬರ್ ಸೆಕ್ಯುರಿಟಿಯಲ್ಲಿದ್ದಾನೆ. ಅಮ್ಮ ತಮ್ಮ ಮಗನದೂ ಅದೇ ಅಂತ ಇಡೀ ಬೀದಿಗೆ ಹೇಳಿಬಂದರು. ಹುಡುಗಿ ಕಡೆಯವರ ಫೋನು ಬರತೊಡಗಿದೆ. ರಾಯರು ಕಷ್ಟಪಟ್ಟು ಮಾತು ತಪ್ಪಿಸುತ್ತಿದ್ದಾರೆ.

ಒಂದೇ ತೊಂದರೆ. ಪಿಆರ್ ಲೆಕ್ಕದಲ್ಲಿ ಕಾವಲಿನ ಅನುಭವಕ್ಕೆ ಬೆಲೆಯಿಲ್ಲ. ಅದೇ ಹೆಲ್ಪ್‌ಡೆಸ್ಕಿನಲ್ಲಿ ಒಂದು ವರ್ಷ ಪಾಸ್‌ವರ್ಡ್ ಬದಲಿಸಿಕೊಟ್ಟರೆ ಅರ್ಜಿ ಹಾಕಬಹುದು. ಹಾಗಾಗಿ ರಾತ್ರಿ ಎರಡು ಗಂಟೆಗೆ, ಲಾಬಿಯ ಕ್ಯಾಮೆರಾಗಳ ಎದುರು ಕೂತು ಕಾಂಪ್‌ಟಿಯಾ ಎ ಪ್ಲಸ್ ಎಂಬ ಸರ್ಟಿಫಿಕೇಟಿಗೆ ಓದುತ್ತಾರೆ. ಎರಡು ಪೇಪರು ಅದಕ್ಕೆ. ಜೊತೆಗೆ ಇಂಟರ್‌ವ್ಯೂ ಅಭ್ಯಾಸ. ಇಲ್ಲಿ ಏನು ಕೇಳಿದರೂ ಸ್ಟಾರ್ ಕ್ರಮದಲ್ಲೇ ಹೇಳಬೇಕಂತೆ: ಸಂದರ್ಭ, ಹೊಣೆ, ಮಾಡಿದ್ದು, ಫಲ. ಅಭ್ಯಾಸ ಎಷ್ಟು ಮೈಗೂಡಿದೆಯೆಂದರೆ, ಊಟ ಆಯ್ತಾ ಅಂತ ಕೇಳಿದರೆ, “ಸಂದರ್ಭ ಏನಂದ್ರೆ ಸಾರ್, ರೂಮಲ್ಲಿ ಐದು ಜನ, ಮೊಸರು ಒಂದೇ ಡಬ್ಬಿ. ಹೊಣೆ ನನ್ನದು...” ಎಂದು ಶುರುಮಾಡುತ್ತಾರೆ. ಫಲಕ್ಕೆ ಬರುವಷ್ಟರಲ್ಲಿ ನಮ್ಮ ಊಟದ ಹೊತ್ತಾಗಿರುತ್ತದೆ.

ಕೆನಡಿಯನ್ ಎಕ್ಸ್‌ಪೀರಿಯೆನ್ಸ್ ಇರಲೇಬೇಕು ಅನ್ನುವುದು ಮೇಲುನೋಟಕ್ಕೇ ತಾರತಮ್ಯ ಎಂದು ಒಂಟಾರಿಯೊದ ಮಾನವ ಹಕ್ಕುಗಳ ಆಯೋಗ 2013ರಲ್ಲೇ ಹೇಳಿತ್ತು. 25 ಜನಕ್ಕಿಂತ ಕಡಿಮೆಯಿಲ್ಲದ ಕಂಪನಿಗಳು ಜಾಹೀರಾತಿನಲ್ಲಿ ಅದನ್ನು ಕೇಳಬಾರದು ಎಂಬ ಕಾನೂನು 2026ರ ಜನವರಿ 1ರಿಂದ ಜಾರಿಯಾಯಿತು. ರಾಯರಿಗೆ ಶುಭಾಶಯ ಹೇಳಿದೆ. “ಈಗ ಜಾಹೀರಾತಲ್ಲಿ ಕೇಳಲ್ಲ ಸಾರ್, ಮನಸ್ಸಲ್ಲಿ ಕೇಳ್ತಾರೆ” ಅಂದರು.

ಅವರು ಮನಸಾರೆ ನಕ್ಕದ್ದನ್ನು ನಾನು ಕಂಡದ್ದು 2025ರ ಮಾರ್ಚಿನಲ್ಲಿ. ಕೆಲಸದ ಆಫರ್ ಇದ್ದವರಿಗೆ ಪಿಆರ್ ಪಟ್ಟಿಯಲ್ಲಿ ಸಿಗುತ್ತಿದ್ದ 50 ಅಂಕವನ್ನು ಸರ್ಕಾರ ತೆಗೆದುಹಾಕಿತು. ಬಳಗದಲ್ಲಿ ಎಲ್ಲರಿಗೂ ಸೂತಕ. ಆಫರೇ ಇಲ್ಲದ ರಾಯರೊಬ್ಬರೇ ಸ್ವೀಟು ಹಂಚಿದರು. ಇನ್ನು ಅಂಕ ಬೇಕೆಂದರೆ ಫ್ರೆಂಚೇ ಗತಿ ಎಂದು ಅದರ ಕಲಿಕೆಯೂ ನಡೆದಿದೆ. ಆದರೆ ಅವರಿರುವ ಬ್ರ್ಯಾಂಪ್ಟನ್ನಿನ ರೂಮಿನಲ್ಲಿ, ಜೊತೆಗಿರುವವರಿಂದ, ಅಷ್ಟರಲ್ಲಿ ಪಂಜಾಬಿ ಬಂದುಬಿಟ್ಟಿತ್ತು, ಅದಕ್ಕೆ ಅಂಕವಿಲ್ಲ.

ಇಷ್ಟಾಗಿ ರಾಯರಿಗೆ ಕೆಲಸ ಬರುವುದಿಲ್ಲವೇನೋ ಅಂದುಕೊಳ್ಳಬೇಡಿ. ಕಳೆದ ಚಳಿಗಾಲ ಒಂದು ಪೂಜೆ. ಪುರೋಹಿತರು ಬಸವನಗುಡಿಯಿಂದ ವೀಡಿಯೊದಲ್ಲಿ ಕಥೆ ಓದುತ್ತಿದ್ದರು. ಮೂರನೆಯ ಅಧ್ಯಾಯದಲ್ಲಿ ಪರದೆಯ ಮೇಲೆ ಅವರ ಬಾಯಿ ತೆರೆದದ್ದು ತೆರೆದಂತೆ ನಿಂತಿತು. ಪಂಚೆ ಉಟ್ಟ ಇಬ್ಬರು ಪ್ರಿನ್ಸಿಪಲ್ ಆರ್ಕಿಟೆಕ್ಟರು ಎದ್ದು ರೌಟರನ್ನು ಮೂರು ಸಲ ಆರಿಸಿ ಹಚ್ಚಿದರು. ಇಂಟರ್ನೆಟ್ ಕಂಪನಿಯವರನ್ನು ದೂರಿದರು. ರಾಯರು ಮಾತಾಡದೆ ಅಡುಗೆಮನೆಗೆ ಹೋದರು. “ಅಕ್ಕಾ, ಮೈಕ್ರೋವೇವು ಎರಡು ನಿಮಿಷ ನಿಲ್ಲಿಸ್ತೀರಾ?” ಸಾರು ಬಿಸಿಯಾಗುವುದು ನಿಂತಿತು, ಬಸವನಗುಡಿಯ ಬಾಯಿ ಮುಚ್ಚಿತು, ಮತ್ತೆ ತೆರೆಯಿತು. ಮೈಕ್ರೋವೇವೂ ವೈಫೈಯೂ 2.4 ಗಿಗಾಹರ್ಟ್ಸಿನಲ್ಲೇ ಕಿತ್ತಾಡುತ್ತಿದ್ದವು. ಲ್ಯಾಪ್‌ಟಾಪನ್ನು 5ಕ್ಕೆ ಬದಲಿಸಿ, ಅಕ್ಕನಿಗೆ ಸಾರು ಬಿಸಿ ಮಾಡಲು ಹೇಳಿ, ಮೂಲೆಯಲ್ಲಿ ಹೋಗಿ ಕೂತರು. ಪುರೋಹಿತರಿಗೆ ಏನೂ ಗೊತ್ತೇ ಆಗಲಿಲ್ಲ, ನಾಲ್ಕನೆಯ ಅಧ್ಯಾಯಕ್ಕೆ ಹೋಗಿದ್ದರು.

ಬಹಳ ಚುರುಕು ಹುಡುಗ ಎಂದು ಎಲ್ಲರೂ ಮೆಚ್ಚಿದರು. ಡಬ್ಬಿ ತುಂಬ ಪುಳಿಯೋಗರೆ ಕಟ್ಟಿಕೊಟ್ಟರು. ರೆಫರಲ್ ಮಾತು ಬಂದಾಗ ಆರ್ಕಿಟೆಕ್ಟರಲ್ಲಿ ಒಬ್ಬರು “ಈಗ ಹೈರಿಂಗ್ ಫ್ರೀಜ್ ಕಣಪ್ಪಾ” ಅಂದರು. ಇನ್ನೊಬ್ಬರು “ಬರೀ ಎರಡು ವರ್ಷದ ಡಿಪ್ಲೊಮಾ ಅಲ್ವಾ” ಎಂದು ನಿಟ್ಟುಸಿರು ಬಿಟ್ಟರು. ಇಬ್ಬರನ್ನೂ ಅವರವರ ಕಂಪನಿಯೇ ಬೆಂಗಳೂರಿನಲ್ಲಿ ವಿಮಾನ ಹತ್ತಿಸಿ ಇಲ್ಲಿ ಇಳಿಸಿಕೊಂಡಿತ್ತು. ಈ ದೇಶದಲ್ಲಿ ಕೆಲಸ ಹುಡುಕುವುದೆಂದರೇನೆಂದು ಅವರು ಕಂಡವರಲ್ಲ.

ರಾಯರ ಪರ್ಮಿಟ್ಟಿನಲ್ಲಿ ಇನ್ನು ಒಂದೂವರೆ ವರ್ಷ ಉಳಿದಿದೆ. ಅದರಲ್ಲಿ ಒಂದು ವರ್ಷ ಹೆಲ್ಪ್‌ಡೆಸ್ಕಿಗೆ ಬೇಕು. ಹೀಗಾಗಿ ಕೆಲಸ ಹುಡುಕಲು ಉಳಿದಿರುವುದು ಆರೇ ತಿಂಗಳು. ಮುಂದಿನ ಪೂಜೆಯಲ್ಲಿ ಅವರು ನಿಮ್ಮ ಹಿಂದೆ ನಿಂತರೆ ತಟ್ಟೆ ಹಿಡಿದು ಇನ್ನೊಂದು ಸಾಲಿಗೆ ಹೋಗಬೇಡಿ. ರೆಫರಲ್ ಕೊಡುವುದು ಎರಡು ನಿಮಿಷದ ಕೆಲಸ. ನಿಮ್ಮ ಕಂಪನಿಯಲ್ಲಿ ರೆಫರಲ್ ಬೋನಸ್ಸು ಇದ್ದರೆ ಅದು ಬರುವುದೂ ನಿಮಗೇ.