ಉದ್ರಿ ಪುಸ್ತಕದ ಮತದಾರರು

ಊರಿನ ಆಡಳಿತದಲ್ಲಿ ಅಂಗಡಿಕಾರನಿಗೊಂದು ಪೀಠ ಇರಬೇಕೆಂಬುದು ಪ್ರಜಾಪ್ರಭುತ್ವದ ಕಾಲದಲ್ಲಿ ಹುಟ್ಟಿದ ಆಲೋಚನೆಯಲ್ಲ. ಗುಪ್ತರ ಕಾಲದ ದಾಮೋದರಪುರ ತಾಮ್ರಶಾಸನಗಳು ಬಂಗಾಳದ ಕೋಟಿವರ್ಷದ ಅಧಿಕರಣದಲ್ಲಿ, ಎಂದರೆ ಆಡಳಿತ ಮಂಡಲಿಯಲ್ಲಿ, ನಗರಶ್ರೇಷ್ಠಿ, ಸಾರ್ಥವಾಹ, ಪ್ರಥಮ ಕುಲಿಕ, ಪ್ರಥಮ ಕಾಯಸ್ಥ ಎಂಬ ನಾಲ್ವರನ್ನು ಹೆಸರಿಸುತ್ತವೆ. ಇವರಲ್ಲಿ ಮೊದಲಿನವನು ವರ್ತಕರ ಮುಖ್ಯಸ್ಥ, ಎರಡನೆಯವನು ಸರಕು ಹೊತ್ತು ದೂರ ಸಾಗುವ ತಂಡಗಳ ನಾಯಕ, ಮೂರನೆಯವನು ಕುಶಲಕರ್ಮಿಗಳ ಹಿರಿಯ. ಬರವಣಿಗೆಯ ಕಾಯಸ್ಥನಿಗೆ ದಕ್ಕಿದ್ದು ಕೊನೆಯ ಸ್ಥಾನವೆಂಬುದನ್ನು, ಇಂದು ಪರವಾನಗಿ ನವೀಕರಣಕ್ಕೆಂದು ಗುಮಾಸ್ತರ ಮೇಜಿನ ಮುಂದೆ ನಿಲ್ಲುವ ವ್ಯಾಪಾರಿಗಳು ಓದಿದರೆ ನಿಟ್ಟುಸಿರು ಬಿಡದಿರಲಾರರು. ಕರ್ನಾಟಕದ ಶಾಸನಗಳಲ್ಲಿ ಪಟ್ಟಣಸ್ವಾಮಿ ಎಂಬ ಪದವಿಯಿದೆ; ಪಟ್ಟಣದ ವರ್ತಕರಿಗೆ ಹಿರಿಯನಾದವನಿಗೆ ಅದು ಸಲ್ಲುತ್ತಿತ್ತು. ಹುಂಚದ ಪಟ್ಟಣಸ್ವಾಮಿ ನೊಕ್ಕಯ್ಯ ಸೆಟ್ಟಿ 11ನೆಯ ಶತಮಾನದಲ್ಲಿ ಬಸದಿ ಕಟ್ಟಿಸಿ ಹೆಸರು ಉಳಿಸಿಕೊಂಡನು. ಆ ಪದವಿಗಾಗಿ ಅವನು ಮನೆಮನೆಗೆ ಹೋಗಿ ಕರಪತ್ರ ಹಂಚಿದ್ದನೆಂದು ನಂಬಲು ಮಾತ್ರ ಕಾರಣವಿಲ್ಲ.

ಇಂದಿನ ಪಟ್ಟಣಸ್ವಾಮಿಗೆ ಆ ಸುಖವಿಲ್ಲ. ಕರ್ನಾಟಕದಲ್ಲಿ 50,000ದಿಂದ 3 ಲಕ್ಷದವರೆಗೆ ಜನಸಂಖ್ಯೆಯಿರುವ ಊರಿಗೆ ನಗರಸಭೆ, ಅದಕ್ಕಿಂತ ಚಿಕ್ಕದಕ್ಕೆ ಪುರಸಭೆ, ಇನ್ನೂ ಚಿಕ್ಕದಕ್ಕೆ ಪಟ್ಟಣ ಪಂಚಾಯಿತಿ ಇದ್ದು, ಈ ಮೂರೂ 1964ರ ಪುರಸಭೆಗಳ ಅಧಿನಿಯಮದ ಅಡಿಯಲ್ಲಿ ನಡೆಯುತ್ತವೆ. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ಇವುಗಳ ಅವಧಿಯನ್ನು 5 ವರ್ಷವೆಂದು ಗೊತ್ತುಪಡಿಸಿ, 21 ವರ್ಷ ತುಂಬಿದವರು ಸ್ಪರ್ಧಿಸಬಹುದೆಂದಿತು. ತಕ್ಕಡಿ ಹಿಡಿದ ಅನುಭವವನ್ನು ಕಾನೂನು ಕೇಳುವುದಿಲ್ಲ. ಆದರೂ ಬಡಾವಣೆಯ ಕಿರಾಣಿ ಅಂಗಡಿಯ ಮಾಲೀಕನು ನಾಮಪತ್ರ ಸಲ್ಲಿಸುವ ಎಷ್ಟೋ ಮೊದಲೇ ಅರ್ಧ ಸದಸ್ಯನಾಗಿರುತ್ತಾನೆ. ಬೀದಿದೀಪ ಕೆಟ್ಟರೆ, ನೀರಗಂಟಿ, ಅಂದರೆ ಸರದಿಯ ಮೇಲೆ ನಲ್ಲಿಗೆ ನೀರು ಬಿಡುವ ನೌಕರ, ಎರಡು ದಿನ ಈ ಕಡೆ ತಲೆ ಹಾಕದಿದ್ದರೆ, ಚರಂಡಿ ಕಟ್ಟಿಕೊಂಡರೆ ಜನ ಮೊದಲು ದೂರು ಹೇಳುವುದು ಬೆಳಿಗ್ಗೆ ಆರಕ್ಕೆ ಶಟರ್ ಎತ್ತುವ ಇವನ ಎದುರಿಗೇ. ಯಾವ ಮನೆಯಲ್ಲಿ ಸೋನಾ ಮಸೂರಿ ಹೋಗಿ ಅಗ್ಗದ ಅಕ್ಕಿ ಬಂತು, ಯಾವ ಮನೆಗೆ ಅಳಿಯ ಬಂದದ್ದರಿಂದ ಅರ್ಧ ಕೆಜಿ ಸಕ್ಕರೆ ಹೆಚ್ಚಾಯಿತು, ಯಾವ ಬಾಡಿಗೆಯವರು ಮನೆ ಖಾಲಿ ಮಾಡುವ ಸೂಚನೆಯಿದೆ ಎಂಬ ವಿಷಯಗಳಲ್ಲಿ ಮತದಾರರ ಪಟ್ಟಿ ಪರಿಷ್ಕರಿಸಲು ಬರುವ ಸಿಬ್ಬಂದಿ ಇವನ ಮುಂದೆ ಪ್ರಾಥಮಿಕ ಶಾಲೆಯ ವಿದ್ಯಾರ್ಥಿಗಳು.

ಈ ಜ್ಞಾನದ ಮೂಲ ಉದ್ರಿ ಪುಸ್ತಕ. ಉದ್ರಿಯೆಂದರೆ ಪದಾರ್ಥ ಈಗ, ಹಣ ಆಮೇಲೆ ಎಂಬ ಏರ್ಪಾಡು. ಆ ‘ಆಮೇಲೆ’ ಎಂಬುದರ ವಿಸ್ತಾರವನ್ನು ಅರ್ಥಶಾಸ್ತ್ರಜ್ಞರು ಇನ್ನೂ ಅಳೆದಂತಿಲ್ಲ. ‘ಇಂದು ನಗದು, ನಾಳೆ ಉದ್ರಿ’ ಎಂಬ ಫಲಕವನ್ನು ಗಲ್ಲಾದ ಮೇಲೆ ತೂಗುಹಾಕಿರುವ ವ್ಯಾಪಾರಿಗೆ ಪ್ರಣಾಳಿಕೆ ಬರೆಯುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಏಕೆಂದರೆ ಎಂದೂ ಬಾರದ ನಾಳೆಯನ್ನು ಇಷ್ಟು ಕಡಿಮೆ ಅಕ್ಷರಗಳಲ್ಲಿ ಯಾವ ಪಕ್ಷವೂ ಭರವಸೆಯಾಗಿ ಕೊಟ್ಟಿಲ್ಲ. ತೊಡಕು ಹುಟ್ಟುವುದು ಪ್ರಚಾರದಲ್ಲಿ. ಎಂಟು ತಿಂಗಳಿಂದ ಬಾಕಿ ಉಳಿಸಿಕೊಂಡು, ಅಂಗಡಿಯಿರುವ ಬೀದಿಯನ್ನೇ ಬಿಟ್ಟು ಸುತ್ತುದಾರಿಯಲ್ಲಿ ಓಡಾಡುವ ಗೃಹಸ್ಥನ ಮನೆಗೆ ಅಭ್ಯರ್ಥಿಯು ಕೈಮುಗಿದುಕೊಂಡು ಹೋದರೆ, ಆತ ಬಾಗಿಲಲ್ಲೇ “ಸಂಬಳ ಆಗಿಲ್ಲ ಅಣ್ಣಾ, ಮುಂದಿನ ವಾರ ಖಂಡಿತ” ಎನ್ನುತ್ತಾನೆ. ಬಂದದ್ದು ಬಾಕಿಗಲ್ಲ, ಓಟಿಗೆ ಎಂದು ತಿಳಿಸಿದೊಡನೆ ಮುಖ ಅರಳಿ, ಒಳಗಿನಿಂದ ಕಾಫಿ ಬರುತ್ತದೆ. ಆ ಪುಡಿಯೂ ಉದ್ರಿಯದೇ. ಕಾಫಿ ಕುಡಿಸಿ ಕಳಿಸುವಾಗ ಗೃಹಸ್ಥ “ಓಟು ನಿಮಗೇ ಅಣ್ಣಾ, ಖಂಡಿತ” ಎಂದು ಮಾತು ಕೊಡುತ್ತಾನೆ. ಈ ಎರಡನೆಯ ಖಂಡಿತಕ್ಕೂ ಮೊದಲನೆಯದಕ್ಕೂ ಬೆಲೆ ಒಂದೇ ಎಂಬುದು ಇಪ್ಪತ್ತು ವರ್ಷ ಗಲ್ಲಾದ ಮುಂದೆ ಕೂತವನಿಗೆ ತಿಳಿಯದ ವಿಷಯವಲ್ಲ. ತಿಳಿದೂ ನಂಬುತ್ತಾನೆ, ನಂಬದಿದ್ದರೆ ಅವನು ಉದ್ರಿಯನ್ನಾದರೂ ಏಕೆ ಕೊಡುತ್ತಿದ್ದ?

ಚುನಾವಣಾ ನೀತಿ ಸಂಹಿತೆಯು ಅಂಗಡಿಯೊಳಗೆ ಕಾಲಿಡುವುದು ಕೊಸರಿನ ಮೂಲಕ. ತೂಕ ಸರಿಹೋದ ಮೇಲೂ ಗಿರಾಕಿಯ ಮನಸ್ಸು ಸರಿಹೋಗಲೆಂದು ಹಾಕುವ ಒಂದು ಚಿಟಿಕೆ ಹೆಚ್ಚಿನ ಪದಾರ್ಥಕ್ಕೆ ಕೊಸರು ಎಂದು ಹೆಸರು. ಸೊಪ್ಪಿನ ಜೊತೆ ಬರುವ ಎರಡು ಎಸಳು ಕರಿಬೇವು, ಅಮ್ಮನ ಜೊತೆ ಬಂದ ಮಗುವಿನ ಕೈಗೆ ಸಲ್ಲುವ ತುಂಡು ಬೆಲ್ಲ ಎಲ್ಲವೂ ಇದರ ಪ್ರಭೇದಗಳು. ಅಧಿಸೂಚನೆ ಹೊರಬಿದ್ದ ಕ್ಷಣದಿಂದ ಈ ಬೆಲ್ಲದ ತುಂಡು ಮತದಾರರಿಗೆ ಒಡ್ಡಿದ ಆಮಿಷವೆನ್ನಿಸಿಕೊಳ್ಳಬಹುದೆಂದು ಹೆದರಿ ಅಭ್ಯರ್ಥಿಯು ಕೊಸರು ನಿಲ್ಲಿಸಿದರೆ, ಗೆಲ್ಲುವ ಮೊದಲೇ ಇವನಿಗೆ ಸೊಕ್ಕು ಬಂತೆಂದು ಗಿರಾಕಿಗಳು ತೀರ್ಮಾನಿಸುತ್ತಾರೆ. ಎದುರಾಳಿಯ ಕಡೆಯವರೋ ಬೇಕೆಂದೇ ಮಗುವನ್ನು ಕರೆದುಕೊಂಡು ಬರುತ್ತಾರೆ. ಪಕ್ಷದ ಟಿಕೆಟು ಸಿಗದೆ ಪಕ್ಷೇತರನಾಗಿ ನಿಂತು, ಆಯೋಗದ ಮುಕ್ತ ಚಿಹ್ನೆಗಳ ಪಟ್ಟಿಯಿಂದ ತನ್ನ ಅಂಗಡಿಯಲ್ಲೇ ಮಾರುವ ವಸ್ತುವೊಂದು ಸಿಕ್ಕಿಬಿಟ್ಟರಂತೂ ಕಷ್ಟ. ಚಿಹ್ನೆ ತೆಂಗಿನಕಾಯಿಯಾದರೆ, ಹೋದ ಶುಕ್ರವಾರ ಪೂಜೆಗೆ ಕೊಂಡ ಕಾಯಿ ಕೊಳೆತಿತ್ತೆಂಬ ಹಳೆಯ ದೂರು ಚುನಾವಣಾ ವಿಷಯವಾಗುತ್ತದೆ.

ಇಷ್ಟೆಲ್ಲ ದಾಟಿ ಗೆದ್ದವನನ್ನು ಖಾತೆ ಎಂಬ ಪದ ಕಾಡುತ್ತದೆ. ಅಂಗಡಿಯಲ್ಲಿ ಖಾತೆಯೆಂದರೆ ಜನ ತನಗೆ ಕೊಡಬೇಕಾದ್ದು. ನಗರಸಭೆಯಲ್ಲಿ ಖಾತೆಯೆಂದರೆ ಆಸ್ತಿ ತೆರಿಗೆಗಾಗಿ ಮಾಲೀಕನ ಹೆಸರನ್ನು ನಮೂದಿಸುವ ದಾಖಲೆ, ಎಂದರೆ ತಾನು ಜನರಿಗೆ ಮಾಡಿಸಿಕೊಡಬೇಕಾದ್ದು. ವಿಧಾನಸೌಧದಲ್ಲಿ ಅದೇ ಪದಕ್ಕೆ ಮಂತ್ರಿಯ ಇಲಾಖೆಯೆಂಬ ಮೂರನೆಯ ಅರ್ಥವೂ ಇದೆ, ಆದರೆ ಅಲ್ಲಿಯವರೆಗೆ ಕಿರಾಣಿ ಅಂಗಡಿಯ ಕನಸು ಹಬ್ಬದ ದಿನಗಳಲ್ಲಷ್ಟೇ ಹೋಗುತ್ತದೆ.

ಸಾಮಾನ್ಯ ಸಭೆಯಲ್ಲಿ ಪಾದಚಾರಿ ಮಾರ್ಗದ ಒತ್ತುವರಿ ಚರ್ಚೆಗೆ ಬಂದ ದಿನ ಅಂಗಡಿಯ ಸದಸ್ಯನ ಸ್ಥಿತಿ ನೋಡುವಂಥದ್ದು. ಒತ್ತುವರಿಯೆಂದರೆ ಸಾರ್ವಜನಿಕ ಜಾಗವನ್ನು ಅಂಗುಲ ಅಂಗುಲವಾಗಿ ಸ್ವಂತಕ್ಕೆ ಒಲಿಸಿಕೊಳ್ಳುವ ಕಲೆ; ಅದರ ಮೊದಲ ಹಂತ ಬೆಳಿಗ್ಗೆ ಹೊರಗಿಟ್ಟು ರಾತ್ರಿ ಒಳಗೊಯ್ಯುವ ಈರುಳ್ಳಿ ಮೂಟೆ, ಎರಡನೆಯದು ರಾತ್ರಿಯೂ ಅಲ್ಲೇ ಉಳಿಯುವ ಖಾಲಿ ಕ್ರೇಟು, ಮೂರನೆಯದು ಚರಂಡಿಯ ಮೇಲೆ ಹಾಸಿದ ಚಪ್ಪಡಿ, ಕೊನೆಯದು ಮುಂದಕ್ಕೆ ಬೆಳೆದ ತಗಡಿನ ಚಾವಣಿ. ನಿರ್ಣಯದ ಪರವಾಗಿ ಕೈಯೆತ್ತಿದವನು ಸಭೆ ಮುಗಿಯುವುದರೊಳಗೆ ಅಂಗಡಿಯ ಹುಡುಗನಿಗೆ ಫೋನು ಮಾಡಿ ಮೂಟೆ ಒಳಗಿಡಲು ಹೇಳುತ್ತಾನೆ. ಪ್ಲಾಸ್ಟಿಕ್ಕಿನ ವಿಷಯ ಇದಕ್ಕಿಂತ ಕಠಿಣ. ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಕೈಚೀಲ ಮತ್ತಿತರ ವಸ್ತುಗಳನ್ನು ನಿಷೇಧಿಸಿದೆ. ಶಾಲೆಯಲ್ಲಿ ಮಕ್ಕಳಿಗೆ ಬಟ್ಟೆ ಚೀಲ ಹಂಚಿ ಭಾಷಣ ಮಾಡಿ ಬಂದ ಸದಸ್ಯನ ಮುಂದೆ, ಅದೇ ಸಂಜೆ ಭಾಷಣಕ್ಕೆ ಚಪ್ಪಾಳೆ ತಟ್ಟಿದ ತಾಯಿಯೊಬ್ಬರು ಬರಿಗೈಯಲ್ಲಿ ಬಂದು ಅರ್ಧ ಕೆಜಿ ಅವಲಕ್ಕಿ ಕೇಳಿ, “ಒಂದು ಕವರ್ ಕೊಡಿ” ಎನ್ನುತ್ತಾರೆ. ಕೊಟ್ಟರೆ ಕಾನೂನು ಮುರಿಯುತ್ತದೆ, ಕೊಡದಿದ್ದರೆ ಮುಂದಿನ ಚುನಾವಣೆ. ಹಳೆಯ ಪತ್ರಿಕೆಯ ಪೊಟ್ಟಣ ಮತ್ತು ಹುರಿದಾರದ ವಿದ್ಯೆ ತಾತನ ಕಾಲಕ್ಕೇ ನಿಂತುಹೋಗಿದೆ.

ಅಧಿಕಾರವೆಂಬ ಸರಕು ಗೋದಾಮಿನಿಂದ ಹೊರಟರೂ ಅಂಗಡಿ ತಲುಪುತ್ತದೆಂಬ ಭರವಸೆಯಿಲ್ಲ. 2018ರಲ್ಲಿ ಚುನಾವಣೆ ನಡೆದ ರಾಜ್ಯದ ಅನೇಕ ನಗರಸಭೆ, ಪುರಸಭೆಗಳಲ್ಲಿ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿ ನ್ಯಾಯಾಲಯದ ಮೆಟ್ಟಿಲೇರಿದ್ದರಿಂದ, ಗೆದ್ದವರು 2020ರವರೆಗೂ ಅಧ್ಯಕ್ಷರಿಲ್ಲದೆ ಕಾದರು. ಅಂಗಡಿಗೆ ಪೂಜೆಯಾಗಿದೆ, ಬೀಗದ ಕೈ ಮಾತ್ರ ಬಂದಿಲ್ಲ ಎಂಬಂತಹ ಸದಸ್ಯತ್ವ ಅದು. ಅವಧಿ ಮುಗಿಯುವ ಹೊತ್ತಿಗೆ ವಾರ್ಡಿನ ಮೀಸಲಾತಿ ಸರದಿಯಂತೆ ಬದಲಾಗಿ, ಐದು ವರ್ಷ ಕಾಫಿ ಕುಡಿದು ಬೆಳೆಸಿದ ವಾರ್ಡು ಮಹಿಳೆಯರ ಪಾಲಾದರೆ, ಅಭ್ಯರ್ಥಿ ಹೆಂಡತಿಯಾಗುತ್ತಾಳೆ. ರಾಜ್ಯದಲ್ಲಿ ಮಹಿಳೆಯರಿಗೆ ಅರ್ಧದಷ್ಟು ಸ್ಥಾನ ಮೀಸಲಿರುವುದರಿಂದ ಇದು ಅಪರೂಪವಲ್ಲ. ಗಂಡ ಇದನ್ನು ತಾತ್ಕಾಲಿಕ ವ್ಯವಸ್ಥೆಯೆಂದು ತಿಳಿಯುವುದು ಅವನ ಲೆಕ್ಕದ ತಪ್ಪು, ಏಕೆಂದರೆ ಮಧ್ಯಾಹ್ನ ಅವನು ಮಲಗಿದಾಗ ಗಲ್ಲಾದಲ್ಲಿ ಕೂತು ಬಾಕಿ ವಸೂಲು ಮಾಡುತ್ತಿದ್ದವಳು ಅವಳೇ. ಬಡಾವಣೆಯವರು ಅವನಿಗೆ ಸುಳ್ಳು ಹೇಳಬಲ್ಲರು, ಅವಳಿಗೆ ಹೇಳಲಾರರು. ಅವಳು ಗೆಲ್ಲುವ ಅಂತರ ಸಾಮಾನ್ಯವಾಗಿ ಹೆಚ್ಚೇ ಇರುತ್ತದೆಂದು ಈ ಬರಹಕ್ಕೆ ಅನುಮಾನ.

ಮತದಾನದ ಗುರುತಾಗಿ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ತಯಾರಾಗುವುದು ಮೈಸೂರಿನಲ್ಲಿ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ಥಾಪನೆಯಾದ ಅಲ್ಲಿನ ಬಣ್ಣದ ಕಾರ್ಖಾನೆ 1962ರ ಮಹಾಚುನಾವಣೆಯಿಂದ ಇದನ್ನು ಪೂರೈಸುತ್ತಿದೆ. ಉದ್ರಿ ಪುಸ್ತಕದ ಶಾಯಿ ಯಾರು ಎಷ್ಟು ಕೊಡಬೇಕೆಂಬುದನ್ನು ಹೇಳುತ್ತದೆ, ಆದರೆ ತೊಟ್ಟು ನೀರು ಬಿದ್ದರೆ ಹರಡಿಹೋಗುತ್ತದೆ. ಮೈಸೂರಿನ ಶಾಯಿ ವಾರಗಟ್ಟಲೆ ಉಳಿಯುತ್ತದೆ, ಆದರೆ ಕೊಟ್ಟದ್ದು ಯಾರಿಗೆಂದು ಬಾಯಿಬಿಡುವುದಿಲ್ಲ. ಎಣಿಕೆಯಲ್ಲಿ ಹನ್ನೊಂದು ಮತಗಳಿಂದ ಸೋತ ಅಭ್ಯರ್ಥಿಯೂ ಮರುದಿನ ಆರಕ್ಕೆ ಶಟರ್ ಎತ್ತಲೇಬೇಕು, ಹಾಲಿನ ಗಾಡಿ ಫಲಿತಾಂಶ ನೋಡಿ ಬರುವುದಿಲ್ಲ. ಬಾಗಿಲು ತೆರೆದು ದೀಪ ಹಚ್ಚುವಷ್ಟರಲ್ಲಿ ಮೊದಲ ಗಿರಾಕಿ ಬಂದು, ಕಪ್ಪು ಗುರುತಿನ ಬೆರಳಿನಲ್ಲೇ ತೋರಿಸಿ, ಅರ್ಧ ಲೀಟರ್ ಹಾಲು, ಕಾಲು ಕೆಜಿ ಸಕ್ಕರೆ ಕೇಳಿ, “ಬರ್ಕೊಳ್ಳಿ ಅಣ್ಣಾ” ಎನ್ನುತ್ತಾನೆ. ಮಾಲೀಕ ಆ ಬೆರಳನ್ನು ಒಂದು ಗಳಿಗೆ ನೋಡಿ, ಕಿವಿಯ ಮೇಲಿನ ಪೆನ್ನು ತೆಗೆದು, ಪುಸ್ತಕದ ಪುಟ ತಿರುವುತ್ತಾನೆ.