ಆರು ಬೆಟ್ಟ, ಹದಿನೈದು ಗಂಟೆ

ಶ್ರೀನಿವಾಸಪುರದ ಮಾವಿನ ತೋಟದ ಮನೆಯಲ್ಲಿ ಹುಟ್ಟಿದ ಹುಡುಗಿ ಆಫ್ರಿಕಾದ ಲೇಖಕಿಯರ ಮೇಲೆ ಪಿಎಚ್‌.ಡಿ. ಮಾಡಿದರೆ ಏನಾಗುತ್ತದೆ? ಮೊದಲಿಗೆ ಗಂಡು ಸಿಗುವುದಿಲ್ಲ. ನಮ್ಮಕ್ಕನ ಮಗಳನ್ನು ನೋಡಲು ಬಂದ ಹಿರಿಯರು ಉಪ್ಪಿಟ್ಟು ಮುಗಿಸಿ ಕೇಳಿದರು, "ಏನು ಓದಿದೀಯಮ್ಮ?" ಇವಳು ಹೇಳಿದಳು, "ಆಫ್ರಿಕಾದ ಸ್ತ್ರೀವಾದಿ ಸಾಹಿತ್ಯ." ಕಾಫಿ ಲೋಟ ಕೆಳಗಿಳಿಯಿತು. "ಅಲ್ಲಿಗೇ ಹೋಗಬೇಕಾ, ಇಲ್ಲೇ ಇರಬಹುದಾ?" ಸ್ತ್ರೀವಾದ ಅವರಿಗೆ ಕೇಳಿಸಲಿಲ್ಲವೋ, ಅಥವಾ ಕೇಳಿಸಿಯೇ ಅದಕ್ಕಿಂತ ಆಫ್ರಿಕಾ ವಾಸಿ ಅನ್ನಿಸಿತೋ, ಇವತ್ತಿಗೂ ಬಗೆಹರಿದಿಲ್ಲ.

ಕೆಲಸದ ಸಂದರ್ಶನದಲ್ಲೂ ಇದೇ ಕಥೆ. ಹೆಸರು ಬೇಡ, ಒಂದು ಕಾಲೇಜು. ಮುಖ್ಯರಾದವರು ಕನ್ನಡಕದ ಮೇಲಿಂದ ನೋಡಿ, "ಮುಳಬಾಗಿಲಿನ ಡಿವಿಜಿ, ಮಾಲೂರು ತಾಲ್ಲೂಕಿನ ಮಾಸ್ತಿ, ಇಂಥವರೆಲ್ಲ ನಮ್ಮಲ್ಲೇ ಇರುವಾಗ ಆಫ್ರಿಕಾ ಏಕೆ?" ಅಂದರಂತೆ. ಕೇಳಿದವರ ಪ್ರಬಂಧ ಶೇಕ್ಸ್‌ಪಿಯರನ ಮೇಲೆ. ಶೇಕ್ಸ್‌ಪಿಯರ್ ಮಾಲೂರು ಹೋಬಳಿಯವನೆಂಬುದು ಪಾಪ, ಇವಳಿಗೆ ಗೊತ್ತಿರಲಿಲ್ಲ.

ಇವಳು ಹಚ್ಚಿಕೊಂಡಿದ್ದು ನೈಜೀರಿಯಾದ ಮೊಲಾರ ಒಗುಂಡಿಪೆಯನ್ನು. 1940ರಲ್ಲಿ ಹುಟ್ಟಿ 2019ರಲ್ಲಿ ತೀರಿಕೊಂಡ ವಿದ್ವಾಂಸೆ, ಕವಿ. 'ಸ್ತ್ರೀವಾದ' ಎಂದ ಕೂಡಲೇ ಅಲ್ಲಿನ ಗಂಡಸರೂ ನಮ್ಮವರ ಹಾಗೆಯೇ "ಇದು ಬಿಳಿಯರ ಸರಕು" ಎಂದು ಎದ್ದುಬಿಡುತ್ತಿದ್ದರು. ಆಕೆ ಆ ಪದವನ್ನೇ ಪಕ್ಕಕ್ಕಿಟ್ಟು 'ಸ್ಟಿವಾ' ಎಂಬ ಹೊಸ ಪದ ಕಟ್ಟಿದಳು. ಆಫ್ರಿಕಾದ ಸಮಾಜ ಬದಲಾಗಲಿ, ಆ ಬದಲಾವಣೆಯೊಳಗೆ ಹೆಂಗಸೂ ಇರಲಿ ಎಂದಷ್ಟೇ ಅದರ ಅರ್ಥ. ನಮ್ಮಲ್ಲಿ ಈ ತಾಪತ್ರಯವೇ ಇಲ್ಲ. "ನಾನು ಸ್ತ್ರೀವಾದಿಯಲ್ಲ, ಆದರೆ" ಎಂದು ಶುರು ಮಾಡಿದರೆ ಎಂಥ ಸಭೆಯೂ ಸಲೀಸಾಗಿ ಮುಗಿಯುತ್ತದೆ.

ಒಗುಂಡಿಪೆಯ ಇನ್ನೊಂದು ಮಾತು ಪ್ರಸಿದ್ಧ. ಆಫ್ರಿಕಾದ ಹೆಂಗಸಿನ ಬೆನ್ನ ಮೇಲೆ ಆರು ಬೆಟ್ಟಗಳಿವೆಯಂತೆ. ಹೊರಗಿನವರ ಆಳ್ವಿಕೆ, ಊರಿನ ಸಂಪ್ರದಾಯ, ಹಿಂದುಳಿದಿರುವಿಕೆ, ಗಂಡಸು, ಮೈಬಣ್ಣ, ಕೊನೆಯದಾಗಿ ಅವಳೇ. ಆರೇ ಆರು! ನಮ್ಮ ಕೋಲಾರದ ನೆತ್ತಿಯ ಮೇಲೆ ಅಂತರಗಂಗೆಯ ಬೆಟ್ಟಸಾಲಿದೆ, ಹೆಸರೇ ಶತಶೃಂಗ. ಆಮೇಲೆ ನಾವು ಬೆಟ್ಟ ಕಂಡರೆ ಸುಮ್ಮನಿರುವ ಜನವೂ ಅಲ್ಲ. ಸಿಡಿಮದ್ದಿಟ್ಟು, ಕ್ರಷರಿಗೆ ಹಾಕಿ, ಜಲ್ಲಿ ಮಾಡಿ ಬೆಂಗಳೂರಿಗೆ ಕಳಿಸುತ್ತೇವೆ. ಹೆಂಗಸಿನ ಬೆನ್ನ ಮೇಲಿನ ಬೆಟ್ಟಕ್ಕೆ ಮಾತ್ರ ಇನ್ನೂ ಯಾರೂ ಟೆಂಡರ್ ಕರೆದಿಲ್ಲ.

ಕಡೆಗೂ ಅಕ್ಕನ ಮಗಳು ಅತಿಥಿ ಉಪನ್ಯಾಸಕಿಯಾದಳು. ಬೆಳಿಗ್ಗೆ ಆರಕ್ಕೆ ಶ್ರೀನಿವಾಸಪುರದ ಬಸ್ಸು, ಕೋಲಾರದಲ್ಲಿ ಟೊಮೆಟೊ ಲಾರಿಗಳ ನಡುವೆ ಸಿಕ್ಕಿಕೊಂಡು ಇನ್ನೊಂದು ಬಸ್ಸು, ಮಾಲೂರಿನ ಹೆಂಚಿನ ಕಾರ್ಖಾನೆಗಳ ಚಿಮಣಿ ಕಂಡರೆ ಮೊದಲ ಪೀರಿಯಡ್ಡಿಗೆ ಹತ್ತು ನಿಮಿಷ ತಡ. ಹನ್ನೊಂದು, ಹದಿಮೂರು ಸಾವಿರವಿದ್ದ ಗೌರವಧನವನ್ನು ಸರ್ಕಾರ 2022ರಲ್ಲಿ ಗರಿಷ್ಠ 32,000 ರೂಪಾಯಿಗೆ ಏರಿಸಿತು. ನಾವು ಸಿಹಿ ಹಂಚಿದೆವು. ಜೊತೆಯಲ್ಲೇ ಎಂಟು-ಹತ್ತು ಗಂಟೆಯಿದ್ದ ವಾರದ ಪಾಠ 15 ಗಂಟೆಯಾಯಿತು. ಇಬ್ಬರ ಪಾಠ ಒಬ್ಬರ ಪಾಲಿಗೆ ಬಂತು, ಇನ್ನೊಬ್ಬರು ಮನೆಗೆ ಹೋದರು. ಮನೆಗೆ ಹೋದ ಗೆಳತಿಗೆ ನಮ್ಮ ಸಿಹಿಯ ಪೊಟ್ಟಣ ಕೊಟ್ಟು ಬಂದವಳು ಇವಳೇ.

ಆ 15 ಗಂಟೆಯಲ್ಲಿ ಆಫ್ರಿಕಾ ಎಷ್ಟು ಎಂದು ಕೇಳಬೇಡಿ. ಬಿ.ಕಾಂ. ಹುಡುಗರಿಗೆ ರಜೆ ಚೀಟಿ, ಅರ್ಜಿ ಬರೆಯುವುದನ್ನು ಕಲಿಸುತ್ತಾಳೆ. ಮಾರ್ಚ್ 8 ಬಂದರೆ ಮಾತ್ರ ಕಾಲೇಜಿಗೆ ಇವಳ ಪಾಂಡಿತ್ಯ ನೆನಪಾಗುತ್ತದೆ. "ಮೇಡಂ, ನೀವು ಸ್ತ್ರೀವಾದದಲ್ಲಿ ಡಾಕ್ಟರೇಟು, ರಂಗೋಲಿ ಸ್ಪರ್ಧೆಗೆ ನೀವೇ ತೀರ್ಪುಗಾರರು."

ಇವಳು ಓದಿದ ಇನ್ನೊಬ್ಬಳು, ಒಗುಂಡಿಪೆಯ ನಾಡಿನವಳೇ ಆದ ಕಾದಂಬರಿಗಾರ್ತಿ ಬೂಚಿ ಎಮೆಚೆಟಾ. ಆಕೆ ಲಂಡನ್ನಿನಲ್ಲಿ ಬರೆದ ಮೊದಲ ಹಸ್ತಪ್ರತಿಯನ್ನು ಗಂಡ ಸುಟ್ಟು ಹಾಕಿದ. ಆಕೆ ಐದು ಮಕ್ಕಳನ್ನು ಕಟ್ಟಿಕೊಂಡು ಹೊರಬಂದು ಅದನ್ನು ಮತ್ತೆ ಬರೆದಳು. ನಮ್ಮ ಕಡೆಯವರು ಅಷ್ಟು ಕ್ರೂರಿಗಳಲ್ಲ, ಯಾರೂ ಏನನ್ನೂ ಸುಡುವುದಿಲ್ಲ. ಕೆಂಪು ರಟ್ಟು ಹಾಕಿಸಿ, ಬಂಗಾರದ ಅಕ್ಷರ ಒತ್ತಿಸಿ, ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ.

ಕಳೆದ ಶ್ರಾವಣದಲ್ಲಿ ಅಕ್ಕ ಹಟ ಹಿಡಿದು ಮಗಳನ್ನು ಮುಳಬಾಗಿಲಿನ ಹತ್ತಿರದ ಆವನಿಗೆ ಕರೆದೊಯ್ದಳು. ಗಂಡ ಕಾಡಿಗಟ್ಟಿದ ಬಸುರಿ ಸೀತೆ ಲವಕುಶರನ್ನು ಹೆತ್ತ ಜಾಗ ಅದೆನ್ನುತ್ತಾರೆ. ಬೆಟ್ಟದ ಮೇಲೆ ಅವಳ ಗುಡಿ. ಮಕ್ಕಳಿಲ್ಲದವರು ಹತ್ತಿ ಹರಕೆ ಹೊರುತ್ತಾರೆ. ಅಕ್ಕನದು ಒಂದೇ ಏಟಿಗೆ ಮೂರು ಹರಕೆ: ಕೆಲಸ ಪರ್ಮನೆಂಟಾಗಲಿ, ಮದುವೆಯಾಗಲಿ, ಮಗುವಾಗಲಿ.

ಬಂಡೆ ಮೇಲೆ ದಣಿವಾರಿಸಿಕೊಳ್ಳುವಾಗ ಮಗಳು ಎಮೆಚೆಟಾಳ 1979ರ 'ದಿ ಜಾಯ್ಸ್ ಆಫ್ ಮದರ್‌ಹುಡ್' ಕಥೆ ಹೇಳಿದಳು. ನ್ನು ಎಗೊ ಎಂಬ ತಾಯಿ ಮಕ್ಕಳಿಗಾಗಿ ಜೀವ ಸವೆಸಿ, ಒಂದು ರಾತ್ರಿ ರಸ್ತೆ ಬದಿಯಲ್ಲಿ ಒಬ್ಬಳೇ ಸಾಯುತ್ತಾಳೆ. ಆಮೇಲೆ ಮಕ್ಕಳು ಬಂದು ಅದ್ದೂರಿಯಾಗಿ ಮಣ್ಣು ಮಾಡಿ, ಅವಳ ಹೆಸರಲ್ಲಿ ಗುಡಿ ಕಟ್ಟಿಸುತ್ತಾರೆ. ಬಂಜೆಯರು ಬಂದು ಅವಳನ್ನು ಬೇಡಿಕೊಳ್ಳಲಿ ಎಂದು.

ಅಕ್ಕ ಓದಿದ್ದು ನಾಲ್ಕನೇ ಕ್ಲಾಸು. ಸೀರೆ ಸೆರಗಿಂದ ಬೆವರು ಒರೆಸಿಕೊಂಡು ಕೇಳಿದಳು, "ಕೊಟ್ಟಳಾ ಮಕ್ಕಳು, ಆ ತಾಯಿ?"

"ಇಲ್ಲಮ್ಮ, ಕೊಡಲೇ ಇಲ್ಲ."

"ಸರಿಯಾಗೇ ಮಾಡಿದಳು" ಅಂದಳು ಅಕ್ಕ.